ಮೋಟೊಕ್ರಾಸ್ ಬೈಕಿಗೆ ನಿಧಾನ ಕಲಿಸುವುದು ಹೇಗೆ? ಕೊಡಗಿನ ತೋಟದ ಹಾದಿಗೆ ಒಂದು ಕೈಪಿಡಿ

ಮೋಟೊಕ್ರಾಸ್ ಬೈಕು ಮಣ್ಣಿನ ಟ್ರ್ಯಾಕಿನ ರೇಸಿಗೆಂದೇ ಹುಟ್ಟಿದ ಯಂತ್ರ. ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಒಂದು ಮೋಟೊ, ಅಂದರೆ ಒಂದು ಓಟ, 30 ನಿಮಿಷ, ಅದರ ಮೇಲೆ ಎರಡು ಸುತ್ತು. ಅಷ್ಟು ಹೊತ್ತು ಎಂಜಿನ್ ತಾರಕದಲ್ಲಿ ಕೂಗುತ್ತಿರಬೇಕು. ರೇಡಿಯೇಟರಿಗೆ ಗಾಳಿ ನುಗ್ಗುತ್ತಿರಬೇಕು. ಎತ್ತರದ ಜಂಪಿನಿಂದ ಹಾರಿ ಬಿದ್ದರೂ ಸಸ್ಪೆನ್ಷನ್ ತಡೆದುಕೊಳ್ಳಬೇಕು. ರೇಸ್ ಮುಗಿದ ಮೇಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿದರೆ ಅದು ಸುಮ್ನೆ ಹೊತ್ತ ಭಾರ. ಆ ಬೈಕಿನ ಪ್ರತಿ ಭಾಗವನ್ನೂ ಈ ಲೆಕ್ಕದಲ್ಲೇ ಮಾಡಿರುತ್ತಾರೆ.

ನಮ್ಮ ಕೊಡಗಿನ ಹಾದಿ ಕೇಳುವುದು ಬೇರೆ. ಕಾಫಿ ಸಾಲಿನ ನಡುವೆ ಒಬ್ಬರು ನಡೆಯುವಷ್ಟೇ ಜಾಗ. ಸಿಲ್ವರ್ ಓಕ್ ಮರದ ಬುಡ, ಅದಕ್ಕೆ ಹಬ್ಬಿದ ಕರಿಮೆಣಸು, ಮೇಲೆದ್ದ ಬೇರು, ಪಾಚಿ ಹಿಡಿದ ಕಲ್ಲು. ಮಧ್ಯೆ ಒಂದು ತೋಡು (ಸಣ್ಣ ಹಳ್ಳ), ತೋಡು ದಾಟಿದ ಕೂಡಲೇ ಜಾರುವ ಬರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು. ಇಲ್ಲಿ ಬೈಕು ಮನುಷ್ಯ ನಡೆಯುವ ವೇಗದಲ್ಲಿ ಹೋಗಬೇಕು, ಅಲ್ಲಲ್ಲಿ ನಿಲ್ಲಬೇಕು, ನಿಂತಲ್ಲಿಂದ ಬರೆ ಹತ್ತಬೇಕು. ಮೋಟೊಕ್ರಾಸ್ ಬೈಕನ್ನು ಹಾಗೇ ತಂದು ಇಲ್ಲಿ ಬಿಟ್ಟರೆ ಅದು ಆಫ್ ಆಗುತ್ತದೆ, ಬಿಸಿಯಾಗಿ ಕುದಿಯುತ್ತದೆ, ಬೇರಿಗೆ ಬೇರಿಗೆ ಪುಟಿದು ಸವಾರನ ಕೈ ಸೋಲಿಸುತ್ತದೆ.

ಹಾಗಾಗಿ ಬೈಕನ್ನು ಟ್ರೇಲ್‌ಗೆ ಬದಲಿಸುವುದು ಎಂದರೆ ಅದಕ್ಕೆ ನಿಧಾನ ಕಲಿಸುವುದು. ಶಕ್ತಿ ಅದರಲ್ಲಿ ಬೇಕಾದಷ್ಟಿದೆ. ನಾಲ್ಕು ಸ್ಟ್ರೋಕಿನ 250 ಸಿಸಿ ಮೋಟೊಕ್ರಾಸ್ ಬೈಕು 40ರ ಆಸುಪಾಸು ಕುದುರೆಶಕ್ತಿ ಕೊಡುತ್ತದೆ. ಹೀರೋ ಎಕ್ಸ್‌ಪಲ್ಸ್ 200ರಲ್ಲಿ ಇರುವುದು ಅದರ ಅರ್ಧದಷ್ಟು, ಸುಮಾರು 19. ಆದರೂ ತೋಟದ ಇಕ್ಕಟ್ಟಿನಲ್ಲಿ ಎಕ್ಸ್‌ಪಲ್ಸ್ ಹಾಯಾಗಿ ಹೋಗುತ್ತದೆ, ರೇಸ್ ಬೈಕು ಒದ್ದಾಡುತ್ತದೆ. ಶಕ್ತಿ ಯಾವ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ, ಸಿಗುತ್ತದೆ ಎನ್ನುವುದೇ ಇಲ್ಲಿ ಮುಖ್ಯ.

ಇಷ್ಟೆಲ್ಲಾ ಯಾಕೆ ಮಾಡಬೇಕು?

ಒಳ್ಳೆಯ ಪ್ರಶ್ನೆ. ಉತ್ತರ ತೂಕದಲ್ಲಿದೆ. ಎಕ್ಸ್‌ಪಲ್ಸ್ 200 ಸುಮಾರು 158 ಕಿಲೋ. ಕವಾಸಾಕಿ ಕೆಎಲ್‌ಎಕ್ಸ್ 230 ಸುಮಾರು 139. ಮೋಟೊಕ್ರಾಸ್ 250 ಬೈಕು 105ರಿಂದ 110ರ ಒಳಗೆ ನಿಲ್ಲುತ್ತದೆ. ಬರೆಯ ಮೇಲೆ ಬಿದ್ದ ಬೈಕನ್ನು ಒಬ್ಬರೇ ಎತ್ತಿ ನಿಲ್ಲಿಸಬೇಕಾದಾಗ ಎಕ್ಸ್‌ಪಲ್ಸಿಗೂ ಇದಕ್ಕೂ ಇರುವ 50 ಕಿಲೋ ವ್ಯತ್ಯಾಸ ಏನು ಅಂತ ಬೆನ್ನಿಗೆ ಗೊತ್ತಾಗುತ್ತದೆ. ಜೊತೆಗೆ 300 ಮಿ.ಮೀ ಸಸ್ಪೆನ್ಷನ್ ಓಡಾಟ, ಗಟ್ಟಿ ಫ್ರೇಮು, ಒಳ್ಳೆಯ ಬ್ರೇಕು. ಇಂಥ ಬುನಾದಿ ರಸ್ತೆಯ ಬೈಕಿನಲ್ಲಿ ಸಿಗುವುದಿಲ್ಲ. ರೇಸ್ ಬಿಟ್ಟವರ ಮನೆಯ ಶೆಡ್ಡಿನಲ್ಲಿ ಧೂಳು ಹಿಡಿದಿರುವ ಒಂದು ಹಳೆಯ ಬೈಕು ಕೈಗೆ ಬಂದರಂತೂ ಈ ಕೆಲಸಕ್ಕೆ ಅರ್ಥವಿದೆ.

ಆದರೆ ಒಂದು ಮಾತು ಈಗಲೇ ಹೇಳಬೇಕು. ಮೋಟೊಕ್ರಾಸ್ ಬೈಕಿಗೆ ನೋಂದಣಿ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಮಿನ ಪ್ರಕಾರ ನೋಂದಣಿ ಇಲ್ಲದ ವಾಹನವನ್ನು ಸಾರ್ವಜನಿಕ ಜಾಗದಲ್ಲಿ ಓಡಿಸುವಂತಿಲ್ಲ. ಹೆಡ್‌ಲೈಟು, ಇಂಡಿಕೇಟರು, ಹಾರ್ನು ಎಲ್ಲಾ ಹಾಕಿಸಿದರೂ ಆರ್‌ಟಿಒ ಅದನ್ನು ನೋಂದಾಯಿಸುವುದಿಲ್ಲ. ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋಗಲು ನಡುವೆ ಪಂಚಾಯತಿ ರಸ್ತೆ ದಾಟಬೇಕಾದರೂ ಬೈಕು ಪಿಕಪ್ಪಿನಲ್ಲೇ ಹೋಗಬೇಕು. ಮನೆಯಿಂದ ಸವಾರಿ ಹೊರಟು, ಗೋಣಿಕೊಪ್ಪದಲ್ಲಿ ಟೀ ಕುಡಿದು, ಸಂಜೆ ವಾಪಸು ಬರುವ ಆಸೆ ಇದ್ದರೆ ಎಕ್ಸ್‌ಪಲ್ಸ್ ಅಥವಾ ಕೆಎಲ್‌ಎಕ್ಸ್ 230 ತಗೊಳ್ಳಿ. ಈ ಲೇಖನ ಸ್ವಂತ ತೋಟ ಇರುವವರಿಗೆ, ಇಲ್ಲವೇ ತೋಟದವರ ಒಪ್ಪಿಗೆ ಪಡೆದು ಓಡಿಸುವವರಿಗೆ.

ಯಾವ ಬೈಕು ಆರಿಸಬೇಕು? ನನ್ನ ಆಯ್ಕೆ 250. ನಾಲ್ಕು ಸ್ಟ್ರೋಕ್ ಆದರೂ ಸರಿ, ಎರಡು ಸ್ಟ್ರೋಕ್ ಆದರೂ ಸರಿ. 450 ನಮ್ಮ ತೋಟಗಳಿಗೆ ಅತಿಯಾಯಿತು. ಥ್ರಾಟಲ್ ಸ್ವಲ್ಪ ಜಾಸ್ತಿ ತಿರುಗಿದರೆ ಮುಂದಿನ ಗಿಡದೊಳಗೆ ಇರುತ್ತೀರಿ. 125 ಎರಡು ಸ್ಟ್ರೋಕ್ ಹಗುರ, ನಿಜ. ಆದರೆ ಅದಕ್ಕೆ ಕೆಳಗಿನ ಆರ್‌ಪಿಎಂನಲ್ಲಿ ಎಳೆತವೇ ಇಲ್ಲ, ಹಾಗಾಗಿ ದಿನವಿಡೀ ಕ್ಲಚ್ ಹಿಡಿದೇ ಇರಬೇಕಾಗುತ್ತದೆ.

ಗೇರು ಮತ್ತು ಎಂಜಿನ್

ಮೋಟೊಕ್ರಾಸ್ ಬೈಕಿನ ಮೊದಲ ಗೇರು ರೇಸಿನ ಸ್ಟಾರ್ಟಿಗೆ ಇರುವುದು. ಅದರಲ್ಲೂ ಬೈಕು ನಡಿಗೆಯ ವೇಗಕ್ಕಿಂತ ಜಾಸ್ತಿಯೇ ಓಡುತ್ತದೆ. ಸಾಮಾನ್ಯವಾಗಿ ಐದು ಗೇರು, ಒಂದಕ್ಕೊಂದು ಬಹಳ ಹತ್ತಿರ. ಎಂಡ್ಯೂರೋ ಬೈಕುಗಳಲ್ಲಿ (ಕಾಡುಮೇಡಿನ ದೂರದ ಹಾದಿಗೆ ಮಾಡಿದವು) ಹೆಚ್ಚಾಗಿ ಆರು ಗೇರು ಇರುತ್ತದೆ, ಮೊದಲನೆಯದು ತುಂಬಾ ಕೆಳಗೆ, ಕೊನೆಯದು ತುಂಬಾ ಮೇಲೆ. ಗೇರ್‌ಬಾಕ್ಸ್ ಬದಲಿಸುವುದು ದುಬಾರಿ ಕೆಲಸ, ಅದರ ಅಗತ್ಯವೂ ಇಲ್ಲ. ಸ್ಪ್ರಾಕೆಟ್, ಅಂದರೆ ಚೈನು ಕೂರುವ ಹಲ್ಲಿನ ಚಕ್ರ, ಬದಲಿಸಿದರೆ ಸಾಕು.

ಲೆಕ್ಕ ಸುಲಭ. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲನ್ನು ಮುಂದಿನದರ ಹಲ್ಲಿನಿಂದ ಭಾಗಿಸಿ. ಮುಂದೆ 13, ಹಿಂದೆ 50 ಇದ್ದರೆ ಅನುಪಾತ 3.85. ಮುಂದಿನದನ್ನು 12 ಮಾಡಿದರೆ 4.17. ಅಂದರೆ ಎಲ್ಲ ಗೇರೂ ಸುಮಾರು 8 ಶೇಕಡಾ ಕೆಳಗಿಳಿದವು. ಹಿಂದಿನದನ್ನು ಬದಲಿಸಿ ಇಷ್ಟೇ ಫಲ ಬೇಕೆಂದರೆ 54 ಹಲ್ಲು ಹಾಕಬೇಕು. ಮುಂದೆ ಒಂದು ಕಮ್ಮಿ ಮಾಡುವುದೂ ಹಿಂದೆ ನಾಲ್ಕು ಜಾಸ್ತಿ ಮಾಡುವುದೂ ಹೆಚ್ಚುಕಮ್ಮಿ ಒಂದೇ.

ಹಾಗಾದರೆ ಮುಂದಿನದನ್ನೇ ಬದಲಿಸುವುದು ಸುಲಭ ಅಲ್ವಾ? ಹೌದು, ಖರ್ಚೂ ಕಮ್ಮಿ. ಆದರೆ ಸಣ್ಣ ಸ್ಪ್ರಾಕೆಟ್ಟಿನ ಸುತ್ತ ಚೈನು ಜಾಸ್ತಿ ಬಾಗುತ್ತದೆ, ಬೇಗ ಸವೆಯುತ್ತದೆ. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲಿನ ರಬ್ಬರ್ ಸ್ಲೈಡರಿಗೂ ಚೈನು ಹತ್ತಿರವಾಗಿ ಉಜ್ಜುತ್ತದೆ. ಅದನ್ನು ನೋಡದೆ ಬಿಟ್ಟರೆ ರಬ್ಬರ್ ಮುಗಿದು ಚೈನು ಅಲ್ಯೂಮಿನಿಯಂ ಆರ್ಮನ್ನೇ ಕೊರೆಯಲು ಶುರುಮಾಡುತ್ತದೆ. ಹಿಂದೆ ದೊಡ್ಡದು ಹಾಕಿದರೆ ಬೇರೆ ತೊಂದರೆ. ಅದು ಕಲ್ಲಿಗೆ ಬೇರಿಗೆ ತಾಗುತ್ತದೆ, ಚೈನೂ ಉದ್ದದ್ದು ಬೇಕಾಗುತ್ತದೆ. ಮೊದಲು 12 ಹಾಕಿ ಓಡಿಸಿ ನೋಡಿ. ಹಿಡಿಸಿದರೆ ಚೈನು ಬದಲಿಸುವ ಕಾಲಕ್ಕೆ 13ಕ್ಕೆ ಮರಳಿ, ಹಿಂದೆ ದೊಡ್ಡದು ಹಾಕಿಸಿ. ಹಿಂದಿನದು ಸ್ಟೀಲ್ ಆಗಿದ್ದರೆ ನಮ್ಮ ಕೆಸರಿಗೆ ಹೆಚ್ಚು ಬಾಳುತ್ತದೆ. ಅಲ್ಯೂಮಿನಿಯಂ ಹಗುರ, ಆದರೆ ಕೆಂಪುಮಣ್ಣು ಅದನ್ನು ಬೇಗ ತಿನ್ನುತ್ತದೆ.

ಇನ್ನು ಎಂಜಿನ್ ಆಫ್ ಆಗುವ ತೊಂದರೆ. ಇದರ ಮೂಲ ಫ್ಲೈವೀಲ್‌ನಲ್ಲಿ, ಅಂದರೆ ಎಂಜಿನ್ ಜೊತೆ ತಿರುಗುವ ಭಾರದ ಚಕ್ರದಲ್ಲಿದೆ. ರೇಸ್ ಎಂಜಿನ್ ಥ್ರಾಟಲ್ ತಿರುಗಿಸಿದ ಕೂಡಲೇ ಏರಬೇಕು, ಬಿಟ್ಟ ಕೂಡಲೇ ಇಳಿಯಬೇಕು. ಅದಕ್ಕೇ ಫ್ಲೈವೀಲನ್ನು ಆದಷ್ಟು ಹಗುರ ಮಾಡಿರುತ್ತಾರೆ. ಬೀಸುಕಲ್ಲು ಭಾರವಾಗಿದ್ದರೆ ಕೈ ಒಂದು ಗಳಿಗೆ ಸಡಿಲಿಸಿದರೂ ಅದು ತನ್ನ ಓಟದಲ್ಲೇ ತಿರುಗುತ್ತದೆ, ಹಗುರವಾಗಿದ್ದರೆ ಕಾಳು ಸಿಕ್ಕಿದಲ್ಲಿ ನಿಂತುಬಿಡುತ್ತದೆ. ಎಂಜಿನ್ನಿನ ಕಥೆಯೂ ಅದೇ. ಫ್ಲೈವೀಲಿಗೆ ಸೇರಿಸುವ ಭಾರದ ಬಳೆಗಳು ಸಿಗುತ್ತವೆ. ಕೆಲವು ನೂರು ಗ್ರಾಂ ಅಷ್ಟೆ. ಅದು ಶಕ್ತಿಯನ್ನು ಹೆಚ್ಚಿಸುವುದೂ ಇಲ್ಲ, ಕುಗ್ಗಿಸುವುದೂ ಇಲ್ಲ. ಶಕ್ತಿ ಚಕ್ರಕ್ಕೆ ತಲುಪುವ ರೀತಿಯನ್ನು ಮೆದು ಮಾಡುತ್ತದೆ. ಒದ್ದೆ ಬೇರಿನ ಮೇಲೆ ಹಿಂದಿನ ಚಕ್ರ ಗಿರ್ರನೆ ತಿರುಗುವ ಬದಲು ಕಚ್ಚಿಕೊಂಡು ಹತ್ತುತ್ತದೆ. ಎರಡು ಸ್ಟ್ರೋಕ್ ಬೈಕಿಗಂತೂ ಇದಕ್ಕಿಂತ ಒಳ್ಳೆಯ ಬದಲಾವಣೆ ಇಲ್ಲ ಎನ್ನುತ್ತೇನೆ.

ಖರ್ಚಿಲ್ಲದ ಉಪಾಯವೂ ಇದೆ. ಐಡಲ್, ಅಂದರೆ ಥ್ರಾಟಲ್ ಬಿಟ್ಟಾಗಿನ ಎಂಜಿನ್ ವೇಗ, ಸ್ವಲ್ಪ ಏರಿಸಿ. ನಿಧಾನಕ್ಕೆ ಹೋಗುವಾಗ ಬೈಕು ಆಫ್ ಆಗುವುದು ಗಣನೀಯವಾಗಿ ಕಮ್ಮಿಯಾಗುತ್ತದೆ. ಇಳಿಜಾರಿನಲ್ಲಿ ಎಂಜಿನ್ ಹಿಡಿತ ಕೊಂಚ ಸಡಿಲವಾಗುತ್ತದೆ, ಅದು ಗೊತ್ತಿರಲಿ. ಹೊಸ ಬೈಕುಗಳಲ್ಲಿ ಎಂಜಿನ್ ಮ್ಯಾಪ್ (ಪೆಟ್ರೋಲ್, ಸ್ಪಾರ್ಕ್ ಹೊಂದಿಸುವ ಎಲೆಕ್ಟ್ರಾನಿಕ್ ಲೆಕ್ಕ) ಬದಲಿಸಬಹುದು. ಕವಾಸಾಕಿ ಕೆಎಕ್ಸ್ ಸಾಲಿನಲ್ಲಿ ಸಣ್ಣ ಪ್ಲಗ್ ಬದಲಿಸಿ ಮೆದು ಮ್ಯಾಪ್ ಹಾಕುವ ವ್ಯವಸ್ಥೆ ಬಹಳ ವರ್ಷ ಇತ್ತು, ಕಪ್ಪು ಬಣ್ಣದ್ದು ಮೆದುವಿನದು. ಯಮಹಾ ವೈಝೆಡ್ 250 ಎಫ್‌ನಲ್ಲಿ 2019ರಿಂದ ಫೋನಿನಲ್ಲೇ ಮ್ಯಾಪ್ ತಿದ್ದಬಹುದು. ಕಾರ್ಬ್ಯುರೇಟರ್ ಇರುವ ಎರಡು ಸ್ಟ್ರೋಕ್ ಬೈಕಿನಲ್ಲಿ ಪೈಲಟ್ ಜೆಟ್ (ನಿಧಾನದ ಓಟಕ್ಕೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ತುಣುಕು) ಒಂದು ಅಳತೆ ಚಿಕ್ಕದು ಹಾಕಬೇಕಾಗಬಹುದು. ರೇಸಿಗೆ ಹೊಂದಿಸಿದ ಜೆಟ್ಟಿನಲ್ಲಿ ನಿಧಾನಕ್ಕೆ ಓಡಿಸಿದರೆ ಪ್ಲಗ್ಗಿಗೆ ಎಣ್ಣೆ ಕಟ್ಟುತ್ತದೆ. ಜೇಬಿನಲ್ಲಿ ಒಂದು ಹೊಸ ಪ್ಲಗ್ಗು, ಪ್ಲಗ್ ಸ್ಪ್ಯಾನರು ಯಾವಾಗಲೂ ಇರಲಿ.

ಬಿಸಿ

ಮೋಟೊಕ್ರಾಸ್ ಬೈಕಿನಲ್ಲಿ ರೇಡಿಯೇಟರಿಗೆ ಫ್ಯಾನ್ ಇರುವುದಿಲ್ಲ. ಟ್ರ್ಯಾಕಿನಲ್ಲಿ ಗಾಳಿಯೇ ಫ್ಯಾನ್. ತೋಟದಲ್ಲಿ ಆ ಗಾಳಿ ಎಲ್ಲಿಂದ ಬರಬೇಕು? ಎರಡು ಕಡೆ ಕಾಫಿ ಗಿಡ, ಮೇಲೆ ನೆರಳಿನ ಮರ, ಕ್ಲಚ್ ಜಾರಿಸುತ್ತಾ ಮೊದಲ ಗೇರಿನಲ್ಲಿ ಏರು. ಕೊಡಗಿನ ತಂಪು ಹವೆ ಸ್ವಲ್ಪ ಸಹಾಯ ಮಾಡುತ್ತದೆ, ಆದರೆ ಗಾಳಿ ಓಡದಿದ್ದರೆ ತಂಪು ಹವೆಯೂ ಬಹಳ ಹೊತ್ತು ಕಾಯುವುದಿಲ್ಲ. ಕೂಲೆಂಟ್ ಕುದಿಯುತ್ತದೆ, ಮುಚ್ಚಳದ ಒತ್ತಡ ಮೀರಿ ಸಣ್ಣ ಪೈಪಿನಿಂದ ನೆಲಕ್ಕೆ ಚೆಲ್ಲುತ್ತದೆ. ಚೆಲ್ಲಿದ್ದು ಮರಳಿ ಬರುವುದಿಲ್ಲ. ಹೀಗೆ ಎರಡು ಮೂರು ಸಲ ಆದರೆ ಒಳಗೆ ಉಳಿದಿರುವುದು ಸಾಲದೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಇದಕ್ಕೆ ಮೂರು ಹಂತದ ಪರಿಹಾರ. ಮೊದಲನೆಯದು ಸಣ್ಣ ಓವರ್‌ಫ್ಲೋ ಬಾಟಲಿ. ಚೆಲ್ಲುವ ಕೂಲೆಂಟ್ ಅದರಲ್ಲಿ ನಿಂತು, ಎಂಜಿನ್ ತಣಿದಾಗ ತಾನಾಗಿ ರೇಡಿಯೇಟರಿಗೆ ಮರಳುತ್ತದೆ. ಎರಡನೆಯದು ಜಾಸ್ತಿ ಒತ್ತಡದ ಮುಚ್ಚಳ. ಸಾಮಾನ್ಯವಾಗಿ 1.1 ಬಾರ್ ಇರುತ್ತದೆ, 1.8 ಬಾರಿನದೂ ಸಿಗುತ್ತದೆ. ಒತ್ತಡ ಏರಿದಷ್ಟೂ ಕುದಿಯುವ ಬಿಂದು ಮೇಲೇರುತ್ತದೆ. ಆದರೆ ಹಳೆಯ ಹೋಸ್ ಪೈಪು, ಹಳೆಯ ವಾಟರ್ ಪಂಪ್ ಸೀಲು ಆ ಒತ್ತಡ ತಡೆಯಬೇಕಲ್ಲ. ಮೊದಲು ಅವನ್ನು ನೋಡಿ. ಮೂರನೆಯದೇ ನಿಜವಾದ ಪರಿಹಾರ: ವಿದ್ಯುತ್ ಫ್ಯಾನ್.

ಫ್ಯಾನ್ ಹಾಕುವ ಮುಂಚೆ ಬೈಕಿಗೆ ಅದನ್ನು ಓಡಿಸುವ ವಿದ್ಯುತ್ ಇದೆಯೇ ಎಂದು ತಿಳಿಯಬೇಕು. ಕಿಕ್ ಮಾತ್ರ ಇರುವ ಹಳೆಯ ಬೈಕುಗಳ ಸ್ಟೇಟರ್ (ವಿದ್ಯುತ್ ಹುಟ್ಟಿಸುವ ತಂತಿ ಸುರುಳಿ) ಸ್ಪಾರ್ಕಿಗೆ ಬೇಕಾದಷ್ಟೇ ವಿದ್ಯುತ್ ಕೊಡುತ್ತದೆ. ಬ್ಯಾಟರಿಯೂ ಇಲ್ಲ. ಅದರಲ್ಲಿ ಫ್ಯಾನ್ ಬೇಕಾದರೆ ಸ್ಟೇಟರ್ ಹೊಸದಾಗಿ ಸುತ್ತಿಸಬೇಕು, ರೆಗ್ಯುಲೇಟರ್ ಸೇರಿಸಬೇಕು. ಸೆಲ್ಫ್ ಸ್ಟಾರ್ಟ್ ಇರುವ ಬೈಕಿನಲ್ಲಿ ಚಾರ್ಜಿಂಗ್ ವ್ಯವಸ್ಥೆ ಇರುತ್ತದೆ, ಒಂದು ಸಣ್ಣ ಫ್ಯಾನನ್ನು ಅದು ತಾಳಿಕೊಳ್ಳಬಹುದು. ಬಿಸಿಗೆ ತಾನೇ ಆನ್ ಆಗುವ ಸ್ವಿಚ್ ಇರುವ ಫ್ಯಾನ್ ಹಾಕಿಸಿ. ಕೈಯಲ್ಲಿ ಒತ್ತುವ ಸ್ವಿಚ್ಚಾದರೆ ಏರಿನ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ.

ಇನ್ನೊಂದು, ಇದು ನಮ್ಮ ಕಡೆಯ ವಿಷಯ. ಕೆಂಪುಮಣ್ಣಿನ ಕೆಸರು ರೇಡಿಯೇಟರಿನ ತೆಳು ರೆಕ್ಕೆಗಳ ನಡುವೆ ಕೂತು ಒಣಗಿದರೆ ಇಟ್ಟಿಗೆಯೇ. ಎಷ್ಟು ಒಳ್ಳೆಯ ಫ್ಯಾನ್ ಇದ್ದರೂ ಗಾಳಿ ದಾಟುವುದಿಲ್ಲ. ಪ್ರತಿ ಸವಾರಿಯ ನಂತರ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿಹೋಗುತ್ತವೆ.

ಸಸ್ಪೆನ್ಷನ್: ಇಲ್ಲಿ ಸಮಯ ಕೊಡಿ

ಬಹಳ ಜನ ಹ್ಯಾಂಡ್‌ಗಾರ್ಡು, ಸ್ಟಿಕ್ಕರು, ದೊಡ್ಡ ಟ್ಯಾಂಕು ಎಲ್ಲಾ ಹಾಕಿಸಿ ಸಸ್ಪೆನ್ಷನ್ ಮುಟ್ಟದೆ ಬಿಡುತ್ತಾರೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಯಾಕೆಂದರೆ ಬೈಕು ಹಿತವಾಗಿದೆಯೋ ಇಲ್ಲವೋ ಎನ್ನುವುದನ್ನು ಮುಕ್ಕಾಲು ಪಾಲು ತೀರ್ಮಾನಿಸುವುದು ಇದೇ. ಅದರಲ್ಲಿ ಮೊದಲ ಹಂತದ ಕೆಲಸಕ್ಕೆ ಒಂದು ರೂಪಾಯಿ ಖರ್ಚೂ ಇಲ್ಲ.

ಮೊದಲು ಸ್ಯಾಗ್ ಅಳೆಯಿರಿ. ಸ್ಯಾಗ್ ಎಂದರೆ ಭಾರಕ್ಕೆ ಸಸ್ಪೆನ್ಷನ್ ಎಷ್ಟು ಕುಗ್ಗುತ್ತದೆ ಎನ್ನುವ ಅಳತೆ. ಬೈಕನ್ನು ಸ್ಟ್ಯಾಂಡಿಗೆ ಏರಿಸಿ, ಹಿಂದಿನ ಚಕ್ರ ಗಾಳಿಯಲ್ಲಿ ತೂಗುವಾಗ ಆಕ್ಸಲಿನಿಂದ ನೇರ ಮೇಲೆ ಮಡ್‌ಗಾರ್ಡಿನ ಒಂದು ಗುರುತಿನವರೆಗೆ ಅಳೆಯಿರಿ. ಆಮೇಲೆ ಬೈಕನ್ನು ನೆಲಕ್ಕಿಳಿಸಿ, ಯಾರೂ ಕೂರದೆ ಅಳೆಯಿರಿ. ಕೊನೆಗೆ ಹೆಲ್ಮೆಟ್ಟು, ಬೂಟು, ಬೆನ್ನಚೀಲ ಎಲ್ಲಾ ಹಾಕಿಕೊಂಡು ಸವಾರ ಪೆಗ್ (ಕಾಲಿಡುವ ಮೆಟ್ಟು) ಮೇಲೆ ನಿಂತಾಗ ಅಳೆಯಿರಿ. ಮೊದಲ ಅಳತೆಗೂ ಕೊನೆಯದಕ್ಕೂ 100ರಿಂದ 105 ಮಿ.ಮೀ ವ್ಯತ್ಯಾಸ ಬರುವಂತೆ ಸ್ಪ್ರಿಂಗಿನ ಮೇಲಿನ ರಿಂಗನ್ನು ತಿರುಗಿಸಿ. ಈಗ ಖಾಲಿ ಬೈಕಿನ ಸ್ಯಾಗ್ ನೋಡಿ. ಅದು 30ರಿಂದ 40 ಮಿ.ಮೀ ಇದ್ದರೆ ಸ್ಪ್ರಿಂಗು ನಿಮ್ಮ ತೂಕಕ್ಕೆ ಸರಿ.

ಇಲ್ಲಿ ಎಲ್ಲರೂ ಗೊಂದಲಪಡುವ ಜಾಗವಿದೆ. ಸವಾರನ ಸ್ಯಾಗ್ ಸರಿ ಮಾಡಿದ ಮೇಲೆ ಖಾಲಿ ಬೈಕು ಬಹಳ ಕಮ್ಮಿ ಕುಗ್ಗಿದರೆ ಸ್ಪ್ರಿಂಗು ಗಡುಸು ಅಂತ ಅನಿಸುತ್ತದೆ. ನಿಜ ಅದಕ್ಕೆ ತದ್ವಿರುದ್ಧ. ಸ್ಪ್ರಿಂಗು ನಿಮಗೆ ಮೆದು. ಮೆದು ಸ್ಪ್ರಿಂಗಿನಲ್ಲಿ ನಿಮ್ಮ ತೂಕ ಹೊರಲು ಅದನ್ನು ಮೊದಲೇ ಬಿಗಿಯಾಗಿ ಒತ್ತಿಟ್ಟಿರುವುದರಿಂದ ಖಾಲಿ ಬೈಕಿಗೆ ಅದು ಅಲುಗುವುದೇ ಇಲ್ಲ. ಖಾಲಿ ಬೈಕು ಜಾಸ್ತಿ ಕುಗ್ಗಿದರೆ ಸ್ಪ್ರಿಂಗು ಗಡುಸು, ಬದಲಿಸಬೇಕು. ಹಗುರ ಸವಾರರು ರೇಸ್ ಬೈಕು ತಂದಾಗ ಹೆಚ್ಚಾಗಿ ಈ ಎರಡನೆಯದೇ ಆಗುವುದು.

ಸ್ಪ್ರಿಂಗ್ ಆದ ಮೇಲೆ ಕ್ಲಿಕ್ಕರುಗಳು, ಅಂದರೆ ಕ್ಲಿಕ್ ಕ್ಲಿಕ್ ಎಂದು ತಿರುಗುವ ಸ್ಕ್ರೂಗಳು. ಕಂಪ್ರೆಷನ್ ಸ್ಕ್ರೂ ಸಸ್ಪೆನ್ಷನ್ ಕುಗ್ಗುವ ವೇಗವನ್ನು, ರೀಬೌಂಡ್ ಸ್ಕ್ರೂ ಅದು ಮರಳಿ ಮೇಲೇಳುವ ವೇಗವನ್ನು ಹಿಡಿಯುತ್ತದೆ. ಕಂಪ್ರೆಷನ್ ಸ್ಕ್ರೂ ಪೂರ್ತಿ ಒಳಗೆ ತಿರುಗಿಸಿ, ಎಷ್ಟು ಕ್ಲಿಕ್ ಇತ್ತು ಅಂತ ಎಣಿಸಿ ಬರೆದಿಡಿ. ಮರಳಿ ಅಲ್ಲಿಗೇ ತಂದು, ಅಲ್ಲಿಂದ ಎರಡೆರಡು ಕ್ಲಿಕ್ ಹೊರಗೆ ತನ್ನಿ. ಹೊರಗೆ ಬಂದಷ್ಟೂ ಮೆದು. ಒಂದೇ ಹಾದಿ ಇಟ್ಟುಕೊಳ್ಳಿ, ಬೇರು ಇರುವ ನೂರಿನ್ನೂರು ಮೀಟರ್ ಸಾಕು. ಅದೇ ಹಾದಿಯಲ್ಲಿ ಓಡಿಸಿ, ಎರಡು ಕ್ಲಿಕ್ ಬದಲಿಸಿ, ಮತ್ತೆ ಓಡಿಸಿ. ಒಂದು ಸಲಕ್ಕೆ ಒಂದೇ ಸ್ಕ್ರೂ ಮುಟ್ಟಬೇಕು. ಮುಂದಿನ ಚಕ್ರ ಬೇರಿಗೆ ತಾಗಿ ಪಕ್ಕಕ್ಕೆ ಹಾರುತ್ತಿದ್ದರೆ ಕಂಪ್ರೆಷನ್ ಇನ್ನೂ ಗಡುಸು. ಸಾಲಾಗಿ ಬೇರು ಬಂದಾಗ ಬೈಕು ಕುಗ್ಗಿದ್ದು ಕುಗ್ಗಿದಂತೇ ಉಳಿದು ಮತ್ತೂ ಗಡುಸಾಗುತ್ತಿದ್ದರೆ ರೀಬೌಂಡ್ ತುಂಬಾ ನಿಧಾನವಾಗಿದೆ, ಅದನ್ನು ಹೊರಗೆ ತನ್ನಿ. ಕುಗ್ಗಿದ ಮೇಲೆ ಒದ್ದಂತೆ ಮೇಲೇಳುತ್ತಿದ್ದರೆ ರೀಬೌಂಡ್ ತುಂಬಾ ಚುರುಕು, ಒಳಗೆ ತಿರುಗಿಸಿ.

ಗಾಳಿ ತುಂಬುವ ಫೋರ್ಕ್ (ಮುಂದಿನ ಸಸ್ಪೆನ್ಷನ್) ಇದ್ದರೆ ಕೆಲಸ ಇನ್ನೂ ಸುಲಭ. ಸ್ಪ್ರಿಂಗ್ ಬದಲಿಸುವ ಬದಲು ಒತ್ತಡವನ್ನು 0.2 ಬಾರ್‌ನಂತೆ ಇಳಿಸುತ್ತಾ ನೋಡಬಹುದು. ಸ್ಪ್ರಿಂಗ್ ಫೋರ್ಕಿನ ತಲೆಯಲ್ಲಿ ಸಣ್ಣ ಬ್ಲೀಡ್ ಸ್ಕ್ರೂ ಇರುತ್ತದೆ. ಸವಾರಿಗೆ ಮುಂಚೆ ಅದನ್ನು ಒಮ್ಮೆ ಬಿಚ್ಚಿ ಗಾಳಿ ಬಿಡಿ. ಕುಶಾಲನಗರದ ಬಯಲಿನಿಂದ ಮಡಿಕೇರಿಯ ಮೇಲಿನ ತೋಟಕ್ಕೆ ಬೈಕು ಹೊತ್ತು ತಂದರೆ ಹೊರಗಿನ ಗಾಳಿಯ ಒತ್ತಡ ಕಮ್ಮಿ, ಒಳಗೆ ಸಿಕ್ಕಿದ ಗಾಳಿ ಫೋರ್ಕನ್ನು ಗಡುಸು ಮಾಡುತ್ತದೆ.

ಇಷ್ಟೆಲ್ಲಾ ಮಾಡಿದರೂ ಬೈಕು ಗಡುಸೇ ಅನಿಸಿದರೆ ರೀವಾಲ್ವ್ ಮಾಡಿಸಬೇಕು. ಅಂದರೆ ಒಳಗಿನ ತೆಳು ಬಿಲ್ಲೆಗಳ ಜೋಡಣೆ ಬದಲಿಸಿ, ಎಣ್ಣೆ ಸುಲಭವಾಗಿ ಹರಿಯುವಂತೆ ಮಾಡುವುದು. ಅದನ್ನು ಬಲ್ಲವರ ಕೈಗೇ ಕೊಡಿ.

ಚಕ್ರ, ಟಯರು

ಮೋಟೊಕ್ರಾಸ್ 250ರ ಹಿಂದಿನ ರಿಮ್ 19 ಇಂಚು. ಎಂಡ್ಯೂರೋ ಬೈಕಿನದು 18. ಮುಂದೆ ಎರಡಕ್ಕೂ 21. ಒಂದಿಂಚು ಚಿಕ್ಕ ರಿಮ್ಮಿಗೆ ಎತ್ತರದ ಟಯರು ಕೂರುತ್ತದೆ, ಹೊರಗಿನ ವ್ಯಾಸ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಟಯರಿನ ಗೋಡೆ ಎತ್ತರ ಇದ್ದಷ್ಟೂ ಅದು ಬೇರು ಕಲ್ಲಿನ ಮೇಲೆ ಬಾಗಿ ಅಪ್ಪಿಕೊಳ್ಳುತ್ತದೆ, ರಿಮ್ಮು ಬಡಿಯುವುದಿಲ್ಲ, ಗಾಳಿ ಕಮ್ಮಿ ಇಟ್ಟರೂ ಟ್ಯೂಬ್ ಒಡೆಯುವುದು ಅಪರೂಪ. ಈಗಿರುವ ಹಬ್ಬಿಗೇ 18 ಇಂಚಿನ ರಿಮ್ಮು, ಅಳತೆಯ ಕಡ್ಡಿ ಹಾಕಿಸಬಹುದು. ಆದರೆ 19 ಇಂಚಿನ ಟಯರು ಇನ್ನೂ ಚೆನ್ನಾಗಿದ್ದರೆ ಮೊದಲ ವರ್ಷ ಅದರಲ್ಲೇ ಓಡಿಸಿ. ಇದು ತುರ್ತಿನ ಖರ್ಚಲ್ಲ.

ಗಾಳಿಯ ಒತ್ತಡ ಮಾತ್ರ ತುರ್ತು. ದಪ್ಪ ಟ್ಯೂಬ್ ಹಾಕಿ 10ರಿಂದ 12 ಪಿಎಸ್‌ಐ ಇಡಿ. ಅದಕ್ಕಿಂತ ಜಾಸ್ತಿ ಇಟ್ಟರೆ ಒದ್ದೆ ಬೇರಿನ ಮೇಲೆ ಟಯರು ಜಾರುತ್ತದೆ, ತೀರಾ ಕಮ್ಮಿ ಇಟ್ಟರೆ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತದೆ. ಟಯರನ್ನು ರಿಮ್ಮಿಗೆ ಒತ್ತಿ ಹಿಡಿಯುವ ರಿಮ್ ಲಾಕ್ ಬಿಗಿಯಾಗಿರಲಿ. ಅದಿಲ್ಲದಿದ್ದರೆ ಟಯರು ರಿಮ್ಮಿನ ಮೇಲೆ ತಿರುಗಿ ವಾಲ್ವನ್ನೇ ಕಿತ್ತುಹಾಕುತ್ತದೆ. ಚೀಲದಲ್ಲಿ ಒಂದು 21 ಇಂಚಿನ ಟ್ಯೂಬ್ ಇಟ್ಟುಕೊಂಡರೆ ಸಾಕು. ಮುಂದಕ್ಕೆ ಅದೇ ಸರಿ, ಹಿಂದೆ ಪಂಕ್ಚರ್ ಆದರೂ ಅದನ್ನೇ ತುರುಕಿ ಮನೆ ತಲುಪಬಹುದು. ಟ್ಯೂಬ್ ಬದಲು ಫೋಮಿನ ಮೂಸ್ ಹಾಕುವವರಿದ್ದಾರೆ. ಪಂಕ್ಚರ್ ಮಾತೇ ಇಲ್ಲ. ಆದರೆ ದುಬಾರಿ, ಸವೆಯುತ್ತದೆ, ಹಾಕಲು ತೆಗೆಯಲು ಬಲ ಬೇಕು.

ಕಾಪು, ಸದ್ದು, ಕಿಡಿ

ಮರಗಸಿ ಮಾಡಿದ (ನೆರಳಿಗಾಗಿ ಸವರಿದ) ಕೊಂಬೆ, ಕಾಫಿ ರೆಂಬೆ, ಬಿದಿರು. ಇವುಗಳಿಂದ ಬೆರಳು ಉಳಿಯಬೇಕಾದರೆ ಹ್ಯಾಂಡಲಿನ ಎರಡೂ ತುದಿಗೆ ಬಿಗಿಯುವ ಅಲ್ಯೂಮಿನಿಯಂ ಹ್ಯಾಂಡ್‌ಗಾರ್ಡ್ ಬೇಕೇ ಬೇಕು. ಬರೀ ಪ್ಲಾಸ್ಟಿಕ್ಕಿನದು ಟ್ರ್ಯಾಕಿನ ಮಣ್ಣು ತಡೆಯಲು ಮಾತ್ರ. ಎಂಜಿನ್ ಕೆಳಗೆ 4 ಮಿ.ಮೀ ಅಲ್ಯೂಮಿನಿಯಂ ತಗಡು, ಇದನ್ನು ಊರಿನ ವರ್ಕ್‌ಶಾಪಿನಲ್ಲೇ ಬಗ್ಗಿಸಿ ಮಾಡಿಸಬಹುದು. ಎಣ್ಣೆ ಬಿಡುವ ಬೋಲ್ಟಿಗೆ ತೂತು ಇಡಲು ಹೇಳಿ. ರೇಡಿಯೇಟರಿಗೆ ಪಕ್ಕದ ಬ್ರೇಸು. ಬ್ರೇಕ್ ಪೆಡಲಿನಿಂದ ಫ್ರೇಮಿಗೆ ಒಂದು ಸಣ್ಣ ಸ್ಟೀಲ್ ಕೇಬಲ್, ಕಾಫಿ ಬುಡ ಪೆಡಲಿಗೆ ಸಿಕ್ಕಿ ಹೊರಗೆ ಬಗ್ಗದಿರಲಿ ಎಂದು. ರೇಸ್ ಬೈಕಿಗೆ ಪಕ್ಕದ ಸ್ಟ್ಯಾಂಡ್ ಇರುವುದಿಲ್ಲ, ಅದೊಂದು ಹಾಕಿಸಿ. ಅದರ ಪಾದಕ್ಕೆ ಅಗಲದ ತಗಡು ಬೆಸೆಯಿಸಿ, ಇಲ್ಲದಿದ್ದರೆ ತೋಟದ ಮಣ್ಣಿನಲ್ಲಿ ಹೂತು ಬೈಕು ಮಲಗುತ್ತದೆ. ಟ್ಯಾಂಕು 6ರಿಂದ 7.5 ಲೀಟರ್ ಇರುತ್ತದೆ. ತೋಟದೊಳಗಿನ ಸವಾರಿಗೆ ಅದು ಸಾಕು.

ಸದ್ದಿನ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ರೇಸ್ ಸೈಲೆನ್ಸರ್ ಹಾಗೇ ಇಟ್ಟು ತೋಟದಲ್ಲಿ ಓಡಿಸಬಾರದು. ಆ ಕೂಗು ಇಡೀ ಕಣಿವೆಗೆ ಕೇಳುತ್ತದೆ. ದನ ಬೆದರುತ್ತದೆ, ಲೈನ್ ಮನೆಯ (ಕೆಲಸದವರ ವಸತಿಯ) ಮಗು ಎದ್ದು ಅಳುತ್ತದೆ, ಪಕ್ಕದ ತೋಟದವರು ಇನ್ನೊಮ್ಮೆ ಒಪ್ಪಿಗೆ ಕೊಡುವುದಿಲ್ಲ. ಎಲ್ಲಕ್ಕಿಂತ ಮುಖ್ಯ ಆನೆ. ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆ ಆನೆ ತೋಟದೊಳಗೇ ಹಗಲು ನಿಂತಿರುವುದು ಹೊಸದಲ್ಲ. ನಿಮ್ಮ ಬೈಕಿನ ಸದ್ದಿನಲ್ಲಿ ಕೊಂಬೆ ಮುರಿಯುವ ಸದ್ದು ನಿಮಗೆ ಕೇಳುವುದಿಲ್ಲ. ಹೊರಡುವ ಮುಂಚೆ ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನು, ಕೆಲಸದವರನ್ನು ಕೇಳಿ. ರಾತ್ರಿ ಆನೆ ಯಾವ ಕಡೆ ಹೋಯಿತು ಅಂತ ಅವರಿಗೆ ಗೊತ್ತಿರುತ್ತದೆ. ಬೆಳಕು ಇಳಿಯುವ ಮುಂಚೆ ಬೈಕು ಶೆಡ್ಡಿನಲ್ಲಿರಲಿ. ಲೈಟ್ ಹಾಕಿಸುವ ಖರ್ಚೂ ಉಳಿಯುತ್ತದೆ.

ಸೈಲೆನ್ಸರಿನ ಒಳಗಿನ ಫೈಬರ್ ಪ್ಯಾಕಿಂಗ್ ಸುಟ್ಟುಹೋಗಿದ್ದರೆ ಹೊಸದು ತುಂಬಿಸಿ, ಸದ್ದು ಕೂಡಲೇ ಇಳಿಯುತ್ತದೆ. ತುದಿಗೆ ಸದ್ದು ತಗ್ಗಿಸುವ ಇನ್ಸರ್ಟ್ ಸಿಗುತ್ತದೆ. ಕಿಡಿ ತಡೆಯುವ ಸ್ಟೀಲ್ ಜಾಲರಿ ಇರುವ ಇನ್ಸರ್ಟನ್ನೇ ಆರಿಸಿ. ಎಂಜಿನ್ನಿನಿಂದ ಕೆಂಪಗೆ ಕಾದ ಕಾರ್ಬನ್ ಚೂರು ಹೊರಬೀಳುತ್ತದೆ. ಫೆಬ್ರವರಿ ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ ತೋಟದ ತರಗೆಲೆ ಹೇಗೆ ಒಣಗಿರುತ್ತದೆ ಎಂದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಸಿ ಪೈಪಿನ ಬೈಕನ್ನು ತರಗೆಲೆ ರಾಶಿಯ ಮೇಲೆ ನಿಲ್ಲಿಸಲೂ ಬಾರದು.

ಎಲ್ಲಿ, ಯಾವಾಗ

ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳು, ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಮೀಸಲು ಅರಣ್ಯ. ಇವುಗಳೊಳಗೆ ಬೈಕು ಇಳಿಸುವ ಮಾತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ಇದನ್ನು ತಡೆಯುತ್ತವೆ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಚಪ್ಪಲಿ ಬಿಟ್ಟು ಹೋಗುವ ಜನರ ನಡುವೆ ಬೈಕು ಒಯ್ಯಲು ಮನಸ್ಸಾದರೂ ಹೇಗೆ ಬರುತ್ತದೆ? ತೋಟದ ಅಂಚು ಎಲ್ಲಿ ಮುಗಿಯುತ್ತದೆ, ಕಾಡು ಎಲ್ಲಿ ಶುರುವಾಗುತ್ತದೆ ಎನ್ನುವುದು ಕಣ್ಣಿಗೆ ಕಾಣದ ಕಡೆ ಬಹಳ. ಗೊತ್ತಿರುವವರ ಜೊತೆ ಮೊದಲು ನಡೆದು ನೋಡಿ.

ನಡೆದು ನೋಡಲು ಇನ್ನೊಂದು ಕಾರಣ ತೊಟ್ಟಿಲು ಗುಂಡಿ. ಮಳೆನೀರು ಇಂಗಲು ಕಾಫಿ ಸಾಲಿನ ನಡುವೆ ತೆಗೆಯುವ ಈ ಗುಂಡಿಗಳು ತರಗೆಲೆ ತುಂಬಿ ನೆಲಕ್ಕೆ ಸಮ ಕಾಣುತ್ತವೆ. ಮುಂದಿನ ಚಕ್ರ ಇಳಿದರೆ ಸವಾರ ಹ್ಯಾಂಡಲ್ ದಾಟಿ ಮುಂದೆ ಬೀಳುತ್ತಾನೆ. ಬೇಲಿಯ ಮುಳ್ಳುತಂತಿ, ಸೋಲಾರ್ ತಂತಿ, ರೊಬಸ್ಟಾಕ್ಕೆ ನೀರು ಹಾಯಿಸುವ ಕಾಲದಲ್ಲಿ ಹಾದಿಗೆ ಅಡ್ಡ ಬಿದ್ದಿರುವ ಸ್ಪ್ರಿಂಕ್ಲರ್ ಪೈಪು, ಇವೆಲ್ಲಾ ಕಾಲ ಕಾಲಕ್ಕೆ ಜಾಗ ಬದಲಿಸುತ್ತವೆ. ಕೊಯ್ಲಿನ ತಿಂಗಳುಗಳಲ್ಲಿ ಜನ ಗಿಡದ ಮರೆಯಲ್ಲಿ ಕೂತು ಕೆಲಸ ಮಾಡುತ್ತಿರುತ್ತಾರೆ. ಆಗ ಆ ಬ್ಲಾಕಿಗೆ ಹೋಗಲೇಬೇಡಿ.

ಜೂನಿನಿಂದ ಸೆಪ್ಟೆಂಬರ್ ತನಕ ಬೈಕು ನಿಲ್ಲಿಸಿ ಎನ್ನುವುದು ನನ್ನ ಮಾತು. ಉಬ್ಬುಗಂಟಿನ ಟಯರು ಬರೆಯಲ್ಲಿ ಒಂದು ಗೀರು ಹಾಕಿದರೆ ಮಳೆನೀರು ಅದನ್ನೇ ಹಾದಿ ಮಾಡಿಕೊಂಡು ಕಾಲುವೆ ತೋಡುತ್ತದೆ. 2018ರ ಆಗಸ್ಟಿನ ಭೂಕುಸಿತ ನೋಡಿದ ಮೇಲೆ ಬರೆಯ ಮಣ್ಣಿನ ಜೊತೆ ಯಾರೂ ಆಟ ಆಡಬಾರದು. ಬೈಕಿನ ಕೆಲಸ ಮಾಡಿಸಲು ಆ ತಿಂಗಳುಗಳೇ ಸರಿ. ಮಳೆ ಕಳೆದು ಮಣ್ಣು ಹದವಾಗಿರುವ ಅಕ್ಟೋಬರ್ ಹೊತ್ತಿಗೆ ಬೈಕು ಸಿದ್ಧವಾಗುತ್ತದೆ.

ನಿಲ್ಲಿಸುವಾಗ ಟ್ಯಾಂಕು, ಕಾರ್ಬ್ಯುರೇಟರ್ ಖಾಲಿ ಮಾಡಿ. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾದವರೆಗೆ ಎಥೆನಾಲ್ ಇರುತ್ತದೆ, ಅದು ಮಳೆಗಾಲದ ತೇವ ಹೀರಿ ಜೆಟ್ಟುಗಳಲ್ಲಿ ಅಂಟು ಕಟ್ಟಿಸುತ್ತದೆ. ರೇಸ್ ಎಂಜಿನ್ನಿನಲ್ಲಿ ಹಿಡಿಯುವುದೇ ಒಂದು ಲೀಟರಿನ ಆಸುಪಾಸು ಎಣ್ಣೆ, ಅದರಲ್ಲೇ ಕ್ಲಚ್ಚೂ ಮುಳುಗಿರುವ ಎಂಜಿನ್ನುಗಳೇ ಹೆಚ್ಚು. ನಿಧಾನ ಸವಾರಿಯಲ್ಲಿ ಕ್ಲಚ್ ಜಾಸ್ತಿ ಜಾರುವುದರಿಂದ ಎಣ್ಣೆ ಬೇಗ ಕಪ್ಪಾಗುತ್ತದೆ. ಇಲ್ಲಿ ಕಿಲೋಮೀಟರ್ ಲೆಕ್ಕ ನಡೆಯುವುದಿಲ್ಲ. ಎಂಜಿನ್ ಎಷ್ಟು ಗಂಟೆ ಓಡಿತು ಎಂದು ತೋರಿಸುವ ಒಂದು ಅವರ್ ಮೀಟರ್ ಅಂಟಿಸಿ, 5ರಿಂದ 10 ಗಂಟೆಗೊಮ್ಮೆ ಎಣ್ಣೆ ಬದಲಿಸಿ. ಏರ್ ಫಿಲ್ಟರ್ ಪ್ರತಿ ಸವಾರಿಗೂ ತೊಳೆದು ಎಣ್ಣೆ ಹಚ್ಚಬೇಕು. ತೋಡು ದಾಟಿದ ದಿನ ಫಿಲ್ಟರ್ ಪೆಟ್ಟಿಗೆಯಲ್ಲಿ ನೀರು ನಿಂತಿದೆಯೇ ನೋಡಿ. ಎಂಜಿನ್ ನೀರು ಕುಡಿದು ನಿಂತರೆ ಸ್ಟಾರ್ಟ್ ಒತ್ತಬೇಡಿ, ಪ್ಲಗ್ ಬಿಚ್ಚಿ ನೀರು ಹೊರಹಾಕಿದ ಮೇಲೆಯೇ ಕಿಕ್ ಮಾಡಿ.

ಹೊಸ ಜೋಡಣೆಯ ಮೊದಲ ಸವಾರಿ ಒಂದು ಗಂಟೆ ಮೀರದಿರಲಿ. ಮನೆಗೆ ಬಂದು ಹಿಂದಿನ ಸ್ಪ್ರಾಕೆಟ್ಟಿನ ಬೋಲ್ಟುಗಳನ್ನು, ಎರಡೂ ಚಕ್ರದ ಕಡ್ಡಿಗಳನ್ನು, ಹ್ಯಾಂಡ್‌ಗಾರ್ಡಿನ ತುದಿಗಳನ್ನು ಒಂದೊಂದಾಗಿ ಬಿಗಿ ಮಾಡಿ, ಚೈನಿನ ಸಡಿಲ ನೋಡಿ, ಸ್ಯಾಗ್ ಮತ್ತೊಮ್ಮೆ ಅಳೆಯಿರಿ. ಹೊಸ ಸ್ಪ್ರಿಂಗು ಮೊದಲ ಕೆಲವು ಗಂಟೆಗಳಲ್ಲಿ ಸ್ವಲ್ಪ ಕೂರುವುದುಂಟು, ರಿಂಗನ್ನು ಅರ್ಧ ಸುತ್ತು ತಿರುಗಿಸಬೇಕಾಗಬಹುದು.